ಕ್ರೋಮ್: ತೊಗಲಿನಿಂದ ತೊಗಲಿಗೆ

ಚೆನ್ನೈ ಬೀಚ್‌ನಿಂದ ತಾಂಬರಂ ಕಡೆಗೆ ಹೊರಟ ಲೋಕಲ್ ರೈಲು ಪಲ್ಲಾವರಂ ದಾಟಿದ ಮೇಲೆ ನಿಲ್ಲುವುದು ಕ್ರೋಮ್‌ಪೇಟೆಯಲ್ಲಿ. ಪದದ ಮೊದಲಿಗೇ ಒತ್ತಕ್ಷರ ಬರುವುದು ತಮಿಳಿನ ಜಾಯಮಾನಕ್ಕೆ ಒಗ್ಗದು. ಹಾಗಾಗಿ ಬೋರ್ಡಿನಲ್ಲಿ ಅದು ‘ಕುರೋಮ್‌ಪೇಟ್ಟೈ’. ಇವತ್ತಿನವರಿಗೆ ಈ ಹೆಸರು ಕಂಡರೆ ಮೊಬೈಲಿನಲ್ಲಿರುವ ಬಣ್ಣದ ಚಕ್ರ ನೆನಪಾಗುವುದು ಸಹಜ. ಊರಿಗೆ ಹೆಸರು ಕೊಟ್ಟದ್ದು ಮಾತ್ರ ಬೇರೆಯೇ ಒಂದು ಕ್ರೋಮ್: ಇಪ್ಪತ್ತನೇ ಶತಮಾನದ ಆರಂಭದ ದಶಕಗಳಲ್ಲಿ ಚೇಂಬರ್ಸ್ ಎಂಬವರು ಇಲ್ಲಿ ನಡೆಸುತ್ತಿದ್ದ ಕ್ರೋಮ್ ಲೆದರ್ ಕಂಪನಿ. ತೊಗಲು ಹದ ಮಾಡುವ ಕಾರ್ಖಾನೆ.

ಇದೇ ರೈಲುಹಳಿಯ ಪಕ್ಕದಲ್ಲಿ ಸಾಗುವ ಜಿಎಸ್‌ಟಿ ರಸ್ತೆ (ತೆರಿಗೆಗೂ ಇದಕ್ಕೂ ಸಂಬಂಧವಿಲ್ಲ, ಇದು ಗ್ರ್ಯಾಂಡ್ ಸದರ್ನ್ ಟ್ರಂಕ್ ರಸ್ತೆ) ಹಿಡಿದು ದಕ್ಷಿಣಕ್ಕೆ ಹೋದರೆ ಗುಡುವಾಂಚೇರಿ ಸಿಗುತ್ತದೆ. ಅಲ್ಲಿ ಜೋಹೊ ಕಂಪನಿಯ ಕಚೇರಿ. ಆ ಕಂಪನಿ 2023ರ ಮೇ ತಿಂಗಳಲ್ಲಿ ‘ಉಲಾ’ ಎಂಬ ಬ್ರೌಸರನ್ನು ಹೊರತಂದಿತು. ಅದರ ಒಡಲಲ್ಲಿರುವುದು ಕ್ರೋಮಿಯಂ ಎಂಬ ಮುಕ್ತ ತಂತ್ರಾಂಶ. ಒಂದೇ ರಸ್ತೆಯ ಮೇಲೆ ಒಂದೇ ಪದ ಎರಡು ಸಲ ಬಂದು ಕೂತಿದೆ. ಒಮ್ಮೆ ತೊಗಲಿಗೆ, ಒಮ್ಮೆ ತಂತ್ರಾಂಶಕ್ಕೆ. ಈ ಎರಡರ ನಡುವಿನ ದಾರಿ ಬರೀ ಕಾಕತಾಳೀಯವಲ್ಲ ಎಂಬುದು ನನ್ನ ವಾದ.

ಗ್ರೀಕಿನಲ್ಲಿ ‘ಖ್ರೋಮ’ ಎಂದರೆ ಬಣ್ಣ. ಆದರೆ ಅದರ ಹಿಂದಿನ ಪದಕ್ಕೆ ಮೈತೊಗಲು, ಮೈಯ ಹೊರಮೈ ಎಂಬ ಅರ್ಥ. ಮೊದಲು ಚರ್ಮ, ಆಮೇಲೆ ಚರ್ಮದ ಬಣ್ಣ, ಕೊನೆಗೆ ಯಾವುದೇ ಬಣ್ಣ. ನಮ್ಮ ‘ವರ್ಣ’ವೂ ಹೊದಿಸು ಎಂಬರ್ಥದ ಧಾತುವಿನಿಂದ ಬಂದದ್ದೆಂದು ಹೇಳುತ್ತಾರೆ, ಎರಡು ಭಾಷೆಗಳೂ ಬಣ್ಣವನ್ನು ಕಂಡದ್ದು ಮೇಲುಹೊದಿಕೆಯಾಗಿ. ಮುಂದೆ ಕ್ರೋಮೋಸೋಮ್ ಎಂಬುದನ್ನು ಕನ್ನಡದವರು ‘ವರ್ಣತಂತು’ ಎಂದು ಮಾಡಿಕೊಂಡಾಗ ಈ ಇಬ್ಬರು ದಾಯಾದಿಗಳು ಮತ್ತೆ ಭೇಟಿಯಾದರು.

1797ರಲ್ಲಿ ಫ್ರಾನ್ಸಿನ ವೋಕ್ಲಾಂ ಸೈಬೀರಿಯಾದ ಕೆಂಪು ಸೀಸದ ಅದಿರಿನಲ್ಲಿ ಹೊಸ ಲೋಹವೊಂದನ್ನು ಪತ್ತೆ ಮಾಡಿದರು. ಲೋಹದ ಬಣ್ಣ ಸಪ್ಪೆ ಬೂದು. ಆದರೆ ಅದರ ಲವಣಗಳು ಹಳದಿ, ಕಿತ್ತಳೆ, ಹಸಿರು, ನೇರಳೆ. ಪಚ್ಚೆಯ ಹಸಿರಿಗೂ ಮಾಣಿಕ್ಯದ ಕೆಂಪಿಗೂ ಅದರದೇ ಸುಳಿವು. ಹಾಗಾಗಿ ಹೆಸರು ಕ್ರೋಮಿಯಂ. ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿ, ಬೈರಾಪುರದ ಕಡೆ ಸಿಗುವ ಕ್ರೋಮೈಟ್ ಇದೇ ಲೋಹದ ಅದಿರು.

ಬಣ್ಣದ ಪದ ತೊಗಲಿಗೆ ಮರಳಿದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ. 1884ರಲ್ಲಿ ನ್ಯೂಯಾರ್ಕಿನ ಆಗಸ್ಟಸ್ ಶುಲ್ಟ್ಸ್ ಕ್ರೋಮ್ ಲವಣಗಳಿಂದ ತೊಗಲು ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಅದುವರೆಗೆ ನಮ್ಮ ಕಡೆ ಹದ ಎಂದರೆ ತಂಗಡಿ ತೊಗಟೆ, ಅಳಲೆಕಾಯಿ, ಗುಂಡಿಯಲ್ಲಿ ವಾರಗಟ್ಟಲೆ ನೆನೆಯುವ ತೊಗಲು. ಕ್ರೋಮ್ ಅದನ್ನು ಒಂದೆರಡು ದಿನಕ್ಕೆ ಇಳಿಸಿತು. ತೊಗಲಿನ ಎಳೆಗಳ ನಡುವೆ ಹೊಕ್ಕು ಅವನ್ನು ಒಂದಕ್ಕೊಂದು ಬಿಗಿಯುವ ಈ ಲವಣದಿಂದ ಸಿಗುವ ಚರ್ಮ ಕುದಿಯುವ ನೀರಿಗೂ ಮುದುಡದು.

ಮದ್ರಾಸಿನಲ್ಲಿ ಇದನ್ನು ಹಿಡಿದವರು ಎಂಜಿನಿಯರ್ ಆಲ್‌ಫ್ರೆಡ್ ಚಾಟರ್ಟನ್. ಸರ್ಕಾರದ ವತಿಯಿಂದಲೇ ಕ್ರೋಮ್ ಹದದ ಪ್ರಯೋಗಗಳನ್ನು ನಡೆಸಿದರು. ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲುಚೀಲ ಅವರ ಕಣ್ಣಿಗೆ ಬಿದ್ದ ಬಳಕೆಗಳಲ್ಲೊಂದು: ದಿನವಿಡೀ ನೀರಿನಲ್ಲಿ ಮುಳುಗೇಳುವ ಚೀಲಕ್ಕೆ ಕೊಳೆಯದ ಚರ್ಮ ಬೇಕಲ್ಲ. ಸರ್ಕಾರ ಕಾರ್ಖಾನೆ ನಡೆಸುವುದು ಖಾಸಗಿಯವರಿಗೆ ಪೈಪೋಟಿ ಎಂಬ ಆಕ್ಷೇಪ ಎದ್ದು, 1910ರಲ್ಲಿ ಲಂಡನ್ನಿನಿಂದ ಭಾರತ ಸಚಿವ ಮಾರ್ಲೆಯವರ ಅಸಮ್ಮತಿಯೂ ಬಂದು, ಆ ಅಧ್ಯಾಯ ಮುಗಿಯಿತು. ಚಾಟರ್ಟನ್ ಗಡಿ ದಾಟಿ ಮೈಸೂರಿಗೆ ಬಂದರು, ಇಲ್ಲಿ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾದರು. ಮೈಸೂರಿನ ಶ್ರೀಗಂಧದ ಎಣ್ಣೆಯ ಉದ್ಯಮದ ಹಿಂದೆ ಅವರ ಕೈ ಇರುವುದು ಕನ್ನಡಿಗರಿಗೆ ಗೊತ್ತು. ಅದಕ್ಕೂ ಮೊದಲು ಅದೇ ಕೈಗೆ ಮದ್ರಾಸಿನ ಕ್ರೋಮ್ ಮೆತ್ತಿಕೊಂಡಿತ್ತು ಎಂಬುದು ಅಷ್ಟಾಗಿ ಗೊತ್ತಿಲ್ಲ. ಬೆಂಗಳೂರಿನಲ್ಲೂ ಮೈಸೂರು ಕ್ರೋಮ್ ಟ್ಯಾನಿಂಗ್ ಕಂಪನಿ ಇತ್ತು. ಕೆಲಸ ನಿಲ್ಲಿಸಿದ, ಕರ್ನಾಟಕ ಸರ್ಕಾರದ ಕಂಪನಿಗಳ ಪಟ್ಟಿಯಲ್ಲಿ ಆ ಹೆಸರು ಬಹುಕಾಲ ಉಳಿಯಿತು.

ಕ್ರೋಮ್ ಹದ ಮುಗಿದ ತೊಗಲು ನೋಡಲು ತಿಳಿನೀಲಿ. ಟ್ಯಾನರಿಯವರ ಮಾತಿನಲ್ಲಿ ಅದು ‘ವೆಟ್ ಬ್ಲೂ’. ಕೊಳೆಯುವುದಿಲ್ಲ, ಆದರೆ ಇನ್ನೂ ಸರಕೂ ಅಲ್ಲ. ಕೊಂಡವನು ತೆಳು ಮಾಡಿ, ಬಣ್ಣ ಕೊಟ್ಟು, ಎಣ್ಣೆ ಕುಡಿಸಿ, ಮೆರುಗು ಹಾಕಿ ಬೂಟೋ ಬ್ಯಾಗೋ ಮಾಡಬೇಕು. ಲಾಭವೆಲ್ಲ ಈ ಕೊನೆಯ ಹಂತದಲ್ಲಿ. 1970ರ ದಶಕದಲ್ಲಿ ಸೀತಾರಾಮಯ್ಯ ಸಮಿತಿಯ ವರದಿಯ ನಂತರ ಭಾರತ ಸರ್ಕಾರ ಹಸಿ ತೊಗಲಿನ ರಫ್ತಿಗೆ ತಡೆ ಹಾಕಿ, ಅರೆಹದದ ಚರ್ಮಕ್ಕೆ ಮಿತಿ ಇಟ್ಟದ್ದು ಇದಕ್ಕೇ. ಮೆರುಗಿನ ಕೂಲಿ ನಮ್ಮಲ್ಲೇ ಉಳಿಯಲಿ ಎಂದು. ಹೊಲಸು ಮಾತ್ರ ಮೊದಲಿಂದಲೂ ನಮ್ಮಲ್ಲೇ ಉಳಿದಿತ್ತು. ಪಲ್ಲಾವರಂ ಸುತ್ತಿನ ಅಂತರ್ಜಲವನ್ನೂ, ರಾಣಿಪೇಟೆಯಲ್ಲಿ ಮುಚ್ಚಿದ ಕ್ರೋಮೇಟ್ ಕಾರ್ಖಾನೆ ಬಿಟ್ಟುಹೋದ ಲಕ್ಷಕ್ಕೂ ಮಿಕ್ಕ ಟನ್ ತ್ಯಾಜ್ಯವನ್ನೂ ನೋಡಿದವರಿಗೆ ‘ಕ್ರೋಮ್’ ಎಂಬುದು ಹೊಳಪಿನ ಪದವಾಗಿ ಕೇಳಿಸದು.

ಹೊಳಪಿನ ಅರ್ಥ ಬಂದದ್ದು ಅಮೆರಿಕದ ಕಾರುಗಳಿಂದ. ಬಂಪರು, ದೀಪದ ಸುತ್ತಿನ ಬಳೆ, ಬಾಗಿಲ ಅಂಚು, ಎಲ್ಲಕ್ಕೂ ಕ್ರೋಮ್ ಲೇಪ. ಕಾರು ಓಡಲು ಅದು ಬೇಕಿಲ್ಲ, ಮಾರಲು ಬೇಕು. ಕಂಪ್ಯೂಟರ್ ಮಂದಿ ಈ ಪದವನ್ನು ಎತ್ತಿಕೊಂಡದ್ದು ಅಣಕಕ್ಕೆ. ಅವರ ಹಳೆಯ ಪದಕೋಶದಲ್ಲಿ ಕ್ರೋಮ್ ಎಂದರೆ ಗಿರಾಕಿಯ ಕಣ್ಣು ಸೆಳೆಯುವ, ಕೆಲಸಕ್ಕೆ ಅಷ್ಟಾಗಿ ಬಾರದ ಅಲಂಕಾರ. ಫೈರ್‌ಫಾಕ್ಸ್ ಬ್ರೌಸರ್ ಕಟ್ಟುವ ಮೊಜಿಲ್ಲಾದವರ ಕೈಯಲ್ಲಿ ಅಣಕ ಸವೆದು ಪರಿಭಾಷೆಯಾಯಿತು. ಪುಟವನ್ನು ಬಿಟ್ಟು ಸುತ್ತಲಿರುವುದೆಲ್ಲ, ವಿಳಾಸಪಟ್ಟಿ, ಗುಂಡಿಗಳು, ಮೆನು, ಅಂಚು, ಇದಿಷ್ಟೂ ಅವರಿಗೆ ಕ್ರೋಮ್. ಫೈರ್‌ಫಾಕ್ಸಿನ ಮೇಲುನೋಟವನ್ನು ಮನಸ್ಸಿಗೆ ಬಂದಂತೆ ತಿದ್ದಿಕೊಳ್ಳುವವರು ಇವತ್ತಿಗೂ ಬರೆಯುವ ಕಡತದ ಹೆಸರು ‘ಯೂಸರ್‌ಕ್ರೋಮ್’. ಗೂಗಲ್‌ಗಿಂತ ಮೊದಲೇ, ಎದುರಾಳಿಯ ಮನೆಯಲ್ಲೇ, ಪದ ಓಡಾಡಿಕೊಂಡಿತ್ತು. ಪದ ಮತ್ತೆ ಹೊರಮೈಗೆ, ಹೊದಿಕೆಗೆ ಬಂದು ನಿಂತಿತು ನೋಡಿ. ಗ್ರೀಕರ ಅರ್ಥಕ್ಕೆ ಇದಕ್ಕಿಂತ ಹತ್ತಿರ ಇನ್ನೇನಿದೆ.

2008ರ ಸೆಪ್ಟೆಂಬರ್ 2ರಂದು ಗೂಗಲ್ ಕ್ರೋಮ್ ಹೊರಬಂತು. ಅದನ್ನು ಕಟ್ಟಿದ ತಂಡದಲ್ಲಿ ಉತ್ಪನ್ನದ ಹೊಣೆ ಹೊತ್ತಿದ್ದವರು ಚೆನ್ನೈನಲ್ಲಿ ಬೆಳೆದ ಸುಂದರ್ ಪಿಚೈ. ವಿಚಿತ್ರವೆಂದರೆ, ವಿನ್ಯಾಸಕಾರರ ಗುರಿ ಅಂಚುಕಟ್ಟನ್ನು ಆದಷ್ಟೂ ಕರಗಿಸುವುದಾಗಿತ್ತು. ಕ್ರೋಮ್ ಕಡಿಮೆ ಇರಲಿ ಎಂದು ಕಟ್ಟಿದ ಬ್ರೌಸರಿಗೆ ಕ್ರೋಮ್ ಎಂದೇ ಹೆಸರು. ಅದೇ ದಿನ ಅದರ ಬಹುಪಾಲು ಮೂಲಕೋಡನ್ನು ‘ಕ್ರೋಮಿಯಂ’ ಹೆಸರಿನಲ್ಲಿ ಯಾರು ಬೇಕಾದರೂ ಬಳಸಲೆಂದು ಬಿಟ್ಟರು. ಲೋಹದ ಹೆಸರು ಕೋಡಿಗೆ, ಲೇಪದ ಹೆಸರು ಸರಕಿಗೆ. ಹೆಸರಿಡುವುದರಲ್ಲಿ ಇಷ್ಟು ಜಾಣತನ ಅಪರೂಪ.

ಯಾಕೆಂದರೆ ಮುಕ್ತ ತಂತ್ರಾಂಶದಲ್ಲಿ ಕೋಡು ನಿಮ್ಮದಾಗುತ್ತದೆ, ಹೆಸರು ಆಗುವುದಿಲ್ಲ. ಡೆಬಿಯನ್ ಲಿನಕ್ಸ್‌ನವರು ಫೈರ್‌ಫಾಕ್ಸನ್ನು ತಮಗೆ ಬೇಕಾದಂತೆ ತಿದ್ದಿ ಕೊಡುತ್ತಿದ್ದಾಗ ಮೊಜಿಲ್ಲಾ ಟ್ರೇಡ್‌ಮಾರ್ಕಿನ ತಕರಾರು ತೆಗೆಯಿತು. 2006ರಿಂದ ಹತ್ತು ವರ್ಷ ಡೆಬಿಯನ್ ಜನ ಅದನ್ನು ‘ಐಸ್‌ವೀಸಲ್’ ಎಂದು ಕರೆಯಬೇಕಾಯಿತು. ಕ್ರೋಮಿಯಂ ವಿಷಯದಲ್ಲಿ ಆ ಜಗಳಕ್ಕೆ ಆಸ್ಪದವೇ ಇಲ್ಲ.

ಕ್ರೋಮಿಯಂ ಎಂಬುದು ವೆಟ್ ಬ್ಲೂ. ಕ್ರೋಮ್‌ನ ಲಾಂಛನ ನಾಲ್ಕು ಬಣ್ಣದ್ದು, ಕ್ರೋಮಿಯಂನದು ಬರೀ ನೀಲಿಯ ಛಾಯೆಗಳು. ಟ್ಯಾನರಿ ನೋಡಿದವರಿಗೆ ನಗು ಬರುವಷ್ಟು ಹೋಲಿಕೆ. ಅದನ್ನು ಕೊಂಡೊಯ್ದು ಮೆರುಗು ಹಾಕುವವರು ನೂರಾರು ಮಂದಿ. ಒಪೆರಾ 2013ರಲ್ಲಿ, ಮೈಕ್ರೋಸಾಫ್ಟ್ ಎಡ್ಜ್ 2020ರಲ್ಲಿ ತಮ್ಮ ಸ್ವಂತ ತೊಗಲು ಬಿಟ್ಟು ಇದಕ್ಕೆ ಬಂದವು. ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಕಂಪನಿಯ ‘ಎಪಿಕ್’ 2010ರಲ್ಲಿ ಭಾರತೀಯ ಭಾಷೆಗಳ ಬರವಣಿಗೆ, ವೈರಸ್ ತಡೆ ಎಲ್ಲವನ್ನೂ ಹೊತ್ತು ಬಂದಾಗ ಮೊಜಿಲ್ಲಾ ಕೋಡಿನ ಮೇಲಿತ್ತು. 2013ರಲ್ಲಿ ಖಾಸಗಿತನದ ಬ್ರೌಸರಾಗಿ ಮರಳಿದಾಗ ಕ್ರೋಮಿಯಂ ಮೇಲೆ.

ಸಣ್ಣ ತಂಡಗಳು ಕ್ರೋಮಿಯಂನಿಂದ ಕಟ್ಟಿದ ಬಿಲ್ಡುಗಳ ಹೆಸರುಗಳೇ ಒಂದು ತಮಾಷೆ. ರಸಾಯನಶಾಸ್ತ್ರದ ಕೋಷ್ಟಕ ತೆರೆದು ಕೂತಂತಿವೆ: ಐರನ್, ಇರಿಡಿಯಂ, ಥೋರಿಯಂ, ವೆನೇಡಿಯಂ. ಬ್ರೋಮೈಟ್ ಎಂಬುದರ ಕೆಲಸ ನಿಂತಾಗ ಅದನ್ನು ಮುಂದುವರಿಸಿದವರು ಇಟ್ಟ ಹೆಸರು ‘ಕ್ರೋಮೈಟ್’. ಬೈರಾಪುರದ ಅದಿರಿಗೆ ಇರುವ ಹೆಸರೇ, ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ಕಡಿಮೆ.

ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುವವರು ಸಾಮಾನ್ಯವಾಗಿ ವೇಗ ಅಳೆಯುತ್ತಾರೆ. ಅದು ಮೆರುಗು ನೋಡಿ ಬೂಟು ಕೊಂಡಂತೆ. ನಾನು ನೋಡುವುದು ಏನನ್ನು ತೆಗೆದಿದ್ದಾರೆ, ಯಾರು ಕಟ್ಟಿದ್ದಾರೆ, ಎಷ್ಟು ದಿನ ಹಿಂದಿದ್ದಾರೆ ಎಂಬುದನ್ನು. ‘ಅನ್‌ಗೂಗಲ್ಡ್ ಕ್ರೋಮಿಯಂ’ ತೆಗೆಯುವುದರಲ್ಲಿ ಎಲ್ಲರಿಗಿಂತ ನಿಷ್ಠುರ: ಕೋಡಿನೊಳಗಿನ ಗೂಗಲ್ ವಿಳಾಸಗಳನ್ನು ಹುಡುಕಿ, ಜಗತ್ತಿನಲ್ಲೇ ಇಲ್ಲದ ವಿಳಾಸಗಳಿಗೆ ಬದಲಿಸಿಬಿಡುತ್ತದೆ, ಕಣ್ತಪ್ಪಿ ಉಳಿದ ಕರೆಯೂ ಎಲ್ಲಿಗೂ ಮುಟ್ಟದಿರಲಿ ಎಂದು. ಆದರೆ ಅದರ ಸಿದ್ಧ ಕಡತಗಳನ್ನು ಕಟ್ಟಿಕೊಡುವವರು ಬೇರೆ ಬೇರೆ ಸ್ವಯಂಸೇವಕರು, ಅವುಗಳಿಗೆ ತಾವು ಜವಾಬು ಹೇಳಲಾಗದೆಂದು ಆ ಯೋಜನೆಯವರೇ ಎಚ್ಚರಿಸುತ್ತಾರೆ. ಸ್ವತಃ ಕಟ್ಟಿಕೊಳ್ಳೋಣವೆಂದರೆ ಡಿಸ್ಕಿನಲ್ಲಿ ಕನಿಷ್ಠ ನೂರು ಜಿಬಿ ಜಾಗ ಬೇಕು, ಸಾಧಾರಣ ಕಂಪ್ಯೂಟರಾದರೆ ಗಂಟೆಗಟ್ಟಲೆ ಫ್ಯಾನು ಹೊಡೆದುಕೊಳ್ಳುತ್ತದೆ. ನಂಬಿಕೆಯಿಲ್ಲದೆ ಬಳಸುವ ದಾರಿ ಬಹಳ ಕಡಿದು.

ದಿನಗಳ ಲೆಕ್ಕ ಇದಕ್ಕಿಂತ ಮುಖ್ಯ. ಕ್ರೋಮಿಯಂನಲ್ಲಿ ಒಂದು ತೂತು ಮುಚ್ಚಿದರೆ ಆ ತೇಪೆ ಎಲ್ಲರ ಕಣ್ಣೆದುರೇ ಇರುತ್ತದೆ. ಕನ್ನ ಹಾಕುವವನೂ ಓದಬಲ್ಲ. ತೇಪೆ ಬಿದ್ದ ದಿನಕ್ಕೂ ನಿಮ್ಮ ಬಿಲ್ಡಿಗೆ ಅದು ಬರುವ ದಿನಕ್ಕೂ ನಡುವಿನ ಅಂತರವೇ ಅವನಿಗೆ ಸುಗ್ಗಿ. ಗೂಗಲ್ಲೇ ಈ ಅಂತರ ತಗ್ಗಿಸಲು 2023ರಿಂದ ವಾರಕ್ಕೊಮ್ಮೆ ಭದ್ರತಾ ಅಪ್‌ಡೇಟ್ ಕೊಡತೊಡಗಿತು. ಸಂಜೆ ಬಿಡುವಿನಲ್ಲಿ ಒಬ್ಬರೇ ಕೂತು ಕಟ್ಟುವ ಬಿಲ್ಡು ಎಷ್ಟೇ ಚೆನ್ನಾಗಿದ್ದರೂ ಈ ಓಟಕ್ಕೆ ಸಮನಾಗುವುದು ಕಷ್ಟ. ಇನ್ನೊಂದು ಹಗ್ಗ ಗೂಗಲ್ ಕೈಯಲ್ಲೇ ಇದೆ: 2021ರ ಮಾರ್ಚಿನಲ್ಲಿ ಹೊರಗಿನವರ ಕ್ರೋಮಿಯಂ ಬಿಲ್ಡುಗಳಿಗೆ ಸಿಂಕ್ ಮುಂತಾದ ಸೇವೆಗಳನ್ನು ನಿಲ್ಲಿಸಿತು. ತೊಗಲು ಕೊಟ್ಟರು, ದಾರ ಕೊಡಲಿಲ್ಲ.

ಮತ್ತೆ ಜಿಎಸ್‌ಟಿ ರಸ್ತೆಗೆ. ಕ್ರೋಮ್‌ಪೇಟೆಯ ಎಂಐಟಿ (ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಆವರಣದಲ್ಲಿರುವ ಅಣ್ಣಾ ವಿಶ್ವವಿದ್ಯಾಲಯದ ಎಯು-ಕೆಬಿಸಿ ಸಂಶೋಧನಾ ಕೇಂದ್ರ, ಕೇಂದ್ರ ಸರ್ಕಾರದ ಸಂಸ್ಥೆಯಾದ ಸಿ-ಡ್ಯಾಕ್‌ನ ಚೆನ್ನೈ ಶಾಖೆಯ ಜೊತೆ ಸೇರಿ 2005ರಲ್ಲೇ ಮುಕ್ತ ತಂತ್ರಾಂಶದ ರಾಷ್ಟ್ರೀಯ ಕೇಂದ್ರವನ್ನು ನಡೆಸಲು ಶುರುಮಾಡಿತ್ತು. ಡೆಬಿಯನ್ ಆಧರಿಸಿದ ‘ಬಾಸ್’ ಲಿನಕ್ಸ್ ಬಂದದ್ದು ಅಲ್ಲಿಂದ. ಉಲಾ ಆ ಸಾಲಿನ ಕಿರಿಯ. ತಮಿಳಿನಲ್ಲಿ ಉಲಾ ಎಂದರೆ ಸಂಚಾರ, ದೇವರ ಉತ್ಸವಮೂರ್ತಿ ಬೀದಿಯಲ್ಲಿ ಬರುವ ಸವಾರಿ. ಅದೊಂದು ಕಾವ್ಯಪ್ರಕಾರವೂ ಹೌದು: ಹನ್ನೆರಡನೇ ಶತಮಾನದಲ್ಲಿ ಒಟ್ಟಕ್ಕೂತ್ತರ್ ಮೂವರು ಚೋಳ ಅರಸರ ಮೇಲೆ ‘ಮೂವರ್ ಉಲಾ’ ಬರೆದರು. ಬ್ರೌಸರಿಗೆ ಇದಕ್ಕಿಂತ ಒಪ್ಪುವ ದ್ರಾವಿಡ ಹೆಸರು ಸಿಗಲಾರದು. ಕೇಂದ್ರ ಸರ್ಕಾರ 2023ರ ಆಗಸ್ಟಿನಲ್ಲಿ ಘೋಷಿಸಿ ಬೆಂಗಳೂರಿನ ಸಿ-ಡ್ಯಾಕ್ ಉಸ್ತುವಾರಿಯಲ್ಲಿ ನಡೆಸಿದ ಭಾರತೀಯ ಬ್ರೌಸರ್ ಸ್ಪರ್ಧೆಯಲ್ಲಿ, 2025ರ ಮಾರ್ಚಿನಲ್ಲಿ, ಜೋಹೊಗೆ ಒಂದು ಕೋಟಿ ರೂಪಾಯಿಯ ಮೊದಲ ಬಹುಮಾನ ಬಂತು.

ಪತ್ರಿಕೆಗಳು ‘ಸ್ವದೇಶಿ ಬ್ರೌಸರ್’ ಎಂದು ಬರೆದವು. ಮೆರುಗು ಸ್ವದೇಶಿ, ಹದ ಅಲ್ಲ. ಹಾಗೆಂದು ಇದನ್ನು ಹೀಗಳೆಯುವವರ ಪಕ್ಷವೂ ನನ್ನದಲ್ಲ. ಸ್ಪರ್ಧೆಯ ಮುಖ್ಯ ಷರತ್ತು, ಭಾರತದ ಪ್ರಮಾಣೀಕರಣ ನಿಯಂತ್ರಕರ ಮೂಲ ಪ್ರಮಾಣಪತ್ರವನ್ನು ಬ್ರೌಸರಿನ ನಂಬಿಕೆಯ ಪಟ್ಟಿಯಲ್ಲಿ ಸೇರಿಸಬೇಕು ಎಂಬುದು. ಯಾವ ತಾಣವನ್ನು ನಂಬಬೇಕು ಎಂದು ತೀರ್ಮಾನಿಸುವ ಪಟ್ಟಿ ಅದು. ಹೊರಗಿನ ಅಲಂಕಾರವಲ್ಲ, ತಿರುಳಿಗೆ ಸೇರಿದ್ದು. ಬೆಲೆಯುಳ್ಳ ಹಂತ ನಮ್ಮ ಕೈಯಲ್ಲೇ ಉಳಿಯಲಿ ಎಂಬ 1970ರ ದಶಕದ ತೊಗಲಿನ ನೀತಿಗೂ ಇದಕ್ಕೂ ನೆಂಟಸ್ತನ ಕಾಣುತ್ತದೆ.

ಆದರೂ ಪದ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕ್ರೋಮಿಯಂ ಮೇಲೆ ಕಟ್ಟಿದ ಬ್ರೌಸರುಗಳು ಯಾವುದೇ ತಾಣದ ಬಾಗಿಲು ತಟ್ಟುವಾಗ ತಮ್ಮ ಪ್ರವರ ಹೇಳಿಕೊಳ್ಳಬೇಕು. ಆ ಸಾಲಿನಲ್ಲಿ ಮೊಜಿಲ್ಲಾ, ಆಪಲ್‌ವೆಬ್‌ಕಿಟ್, ಗೆಕ್ಕೊ, ಸಫಾರಿ ಎಂದು ಹಳೆಯ ಗೋತ್ರಗಳೆಲ್ಲ ಬರುತ್ತವೆ, ನಡುವೆ ‘ಕ್ರೋಮ್’ ಮತ್ತು ಒಂದು ಸಂಖ್ಯೆ. ಎಡ್ಜ್ ಕೊನೆಗೆ ತನ್ನ ಹೆಸರನ್ನು ಮೊಟಕು ಮಾಡಿ ಸೇರಿಸುತ್ತದೆ. ಬ್ರೇವ್ ಎಂಬ ಇನ್ನೊಂದು ಬ್ರೌಸರು ಅದನ್ನೂ ಸೇರಿಸುವುದಿಲ್ಲ. ತಾಣದ ಲೆಕ್ಕದ ಪುಸ್ತಕದಲ್ಲಿ ಅದು ಬರೀ ಕ್ರೋಮ್.