ಹಿಮಾಲಯದ ಈ ಪುಟ್ಟ ಹಳದಿ ಹೂ ಸಂಜೀವಿನಿಯೇ? ಎಸಳು ಎಣಿಸಿ ನೋಡಿ

ಬಂಡೆಯ ಸಂದಿಯಲ್ಲಿ ಅಂಗೈ ಅಗಲದ ಹಸಿರು ಮೆತ್ತೆ, ಅದರ ಮೇಲೆ ಪುಟಾಣಿ ಹಳದಿ ಹೂಗಳು. ಇಂಥ ಫೋಟೋ ವಾಟ್ಸಾಪ್‌ಗೆ ಬಂದರೆ ಜೊತೆಗೊಂದು ಒಕ್ಕಣೆಯೂ ಇರುತ್ತದೆ. ಇದು ಸಂಜೀವಿನಿ, ಎಷ್ಟೋ ವರ್ಷಕ್ಕೊಮ್ಮೆ ಅರಳುತ್ತದೆ, ಎಲ್ಲರಿಗೂ ಕಳಿಸಿ ಎಂದು. ಕಳಿಸುವ ಮೊದಲು ಫೋಟೋವನ್ನು ದೊಡ್ಡದು ಮಾಡಿ ನೋಡೋಣ.

ಎಸಳು ನಾಲ್ಕೇ ಇದ್ದು, ಅಧಿಕ ಚಿಹ್ನೆಯಂತೆ ಎದುರುಬದುರು ನಿಂತಿದ್ದರೆ ಅದು ನಮ್ಮ ಒಗ್ಗರಣೆ ಸಾಸಿವೆಯ ನೆಂಟ ಆಗಿರಬಹುದು. ಎಲೆಕೋಸು, ಮೂಲಂಗಿ ಸೇರಿ ಮೂರೂವರೆ ಸಾವಿರಕ್ಕೂ ಹೆಚ್ಚು ಜಾತಿಗಳಿರುವ ಕುಟುಂಬವಿದು. ಹಿಮಾಲಯದ ಎತ್ತರದ ಕಲ್ಲುನೆಲದಲ್ಲಿ ಬೆಳೆಯುವ ಇದರ ಒಂದು ಗುಂಪಿನ ಹೆಸರು ಡ್ರಾಬಾ. ಡ್ರಾಬಾ ಓರಿಯಾಡಿಸ್ ಹಳದಿ ಹೂ ಬಿಡುತ್ತದೆ, ಡ್ರಾಬಾ ಅಲ್ಟಾಯಿಕಾ ಬಿಳಿ ಹೂ ಬಿಡುತ್ತದೆ. ಇವು ಬಹುವಾರ್ಷಿಕ ಗಿಡಗಳು. ಹಿಮ ಕರಗಿದ ಮೇಲೆ ಬೇಸಿಗೆಯಲ್ಲಿ ಹೂ ಬಿಡುತ್ತವೆ, ಅದಕ್ಕೆ ನೂರು ವರ್ಷ ಕಾಯಬೇಕಿಲ್ಲ.

ಆದರೆ ನಾಲ್ಕು ಎಸಳು ಕಂಡ ಮಾತ್ರಕ್ಕೆ ತೀರ್ಮಾನಿಸಬೇಡಿ. ಹೂವಿನ ನಡುವಿನ ಕೇಸರಗಳನ್ನೂ ಎಣಿಸಿ. ಸಾಸಿವೆ ಕುಟುಂಬದಲ್ಲಿ ಸಾಮಾನ್ಯವಾಗಿ ಆರು ಕೇಸರ, ನಾಲ್ಕು ಉದ್ದ, ಎರಡು ಗಿಡ್ಡ. ಇದು ಬೇರೆ ಕಡೆ ಸುಲಭವಾಗಿ ಸಿಗದ ಗುರುತು. ಅದೇ ಬಂಡೆಗಳ ಮೇಲೆ ಮೆತ್ತೆಯಂತೆ ಬೆಳೆಯುವ ಸ್ಯಾಕ್ಸಿಫ್ರಾಗಾಕ್ಕೆ ಐದು ಎಸಳು, ಹತ್ತು ಕೇಸರ. ಪೊಟೆಂಟಿಲ್ಲಾಕ್ಕೂ ಐದೇ ಎಸಳು, ಕೇಸರ ಮಾತ್ರ ರಾಶಿ.

ನಿಜವಾದ ಗೊಂದಲ ರೋಡಿಯೋಲಾದ್ದು. ಲಡಾಖ್‌ನಲ್ಲಿ ಸೋಲೊ ಎನ್ನುವುದು ಈ ಗುಂಪಿನ ಗಿಡವನ್ನೇ. 2019ರ ಆಗಸ್ಟ್‌ನಲ್ಲಿ ಪ್ರಧಾನಿ ಭಾಷಣದಲ್ಲಿ ಪ್ರಸ್ತಾಪಿಸಿದಾಗ ಸಂಜೀವಿನಿ ಎಂದು ದೇಶವಿಡೀ ಸುದ್ದಿಯಾದ ಗಿಡ. ಇದರ ಕೆಲವು ಜಾತಿಗಳಿಗೂ ಹಳದಿಯ ನಾಲ್ಕೇ ಎಸಳು! ಎಲೆ ನೋಡಿ. ರೋಡಿಯೋಲಾದ ಎಲೆ ರಸ ತುಂಬಿದಂತೆ ದಪ್ಪಗೆ ಇದ್ದು ಕಾಂಡದುದ್ದಕ್ಕೂ ಇರುತ್ತದೆ. ಡ್ರಾಬಾ ಓರಿಯಾಡಿಸ್‌ನ ಎಲೆಗಳು ನೆಲಕ್ಕೆ ಅಂಟಿ ಸುತ್ತಲೂ ಗುಂಪಾಗಿರುತ್ತವೆ. ಹೂವಿನ ಕಡ್ಡಿ ಸಾಮಾನ್ಯವಾಗಿ ಬೋಳು, ಎತ್ತರ ಕೆಲವೇ ಸೆಂಟಿಮೀಟರ್.

ಕಾಯಿ ಸಿಕ್ಕರೆ ಇನ್ನೂ ಒಳ್ಳೆಯದು. ಡ್ರಾಬಾ ಓರಿಯಾಡಿಸ್‌ನ ಕಾಯಿ ಸಾಸಿವೆಯದರಂತೆ ಉದ್ದನೆಯ ಕೋಡಲ್ಲ, ಮೊಟ್ಟೆಯಾಕಾರದ ಪುಟ್ಟ ಕಾಯಿ. ಒಣಗಿದಾಗ ಎರಡೂ ಪಕ್ಕದ ಸಿಪ್ಪೆ ಉದುರಿ ನಡುವೆ ತೆಳು ಪರದೆಯೊಂದು ಉಳಿಯುತ್ತದೆ. ಮನೆಯ ಕುಂಡದಲ್ಲಿ ಒಂದು ಚಿಟಿಕೆ ಸಾಸಿವೆ ಚೆಲ್ಲಿ ಬೆಳೆಸಿದರೆ ಈ ಪರದೆ, ಆ ಆರು ಕೇಸರ ಎರಡನ್ನೂ ಇಲ್ಲೇ ಕಾಣಬಹುದು.

ಇಷ್ಟರಿಂದ ಗುಂಪು ಗೊತ್ತಾಗುತ್ತದೆ, ಜಾತಿಯಲ್ಲ. ಪ್ರಪಂಚದಲ್ಲಿ ಡ್ರಾಬಾದ ಜಾತಿಗಳೇ 350ಕ್ಕೂ ಹೆಚ್ಚು. ಎಲೆಯ ಮೇಲಿನ ರೋಮ ಕವಲೊಡೆದಿದೆಯೇ, ನಕ್ಷತ್ರದಂತಿದೆಯೇ ಎಂದು ಮಸೂರ ಹಿಡಿದು ನೋಡಿ ಬೇರ್ಪಡಿಸುತ್ತಾರೆ. ಹಾಗಾಗಿ ದೂರದಿಂದ ತೆಗೆದ ಒಂದೇ ಫೋಟೋಗೆ ಮೊಬೈಲ್ ಆ್ಯಪ್ ಖಚಿತವಾಗಿ ಜಾತಿಯ ಹೆಸರು ಹೇಳಿದರೂ ನಾವು ಅದನ್ನು ಊಹೆ ಎಂದೇ ಪರಿಗಣಿಸುತ್ತೇವೆ.

ಈ ಕುಟುಂಬದ ನಿಜ ಸಂಗತಿಯೇ ಫಾರ್ವರ್ಡ್‌ಗಿಂತ ಸೊಗಸಾಗಿದೆ. 1955ರಲ್ಲಿ ಎನ್. ಡಿ. ಜಯಾಲ್ ಅವರಿಗೆ ಕಾಮೆಟ್ ಪರ್ವತದ 6,400 ಮೀಟರ್ ಎತ್ತರದಲ್ಲಿ ಎರಡು ಹೂಗಿಡಗಳು ಸಿಕ್ಕವು. ಅವುಗಳಲ್ಲಿ ಒಂದಾದ ಎರ್ಮೇನಿಯಾ ಹಿಮಾಲಯೆನ್ಸಿಸ್ ಸಾಸಿವೆ ಕುಟುಂಬದ್ದೇ.

ಇಂಥ ಫೋಟೋ ತೋರಿಸಿ ಬೇರಿನ ಪುಡಿ ಮಾರುವವರಿದ್ದರೆ ಕೊಳ್ಳಬೇಡಿ. ಪುಡಿಯಲ್ಲಿ ಎಸಳೂ ಇಲ್ಲ, ಕೇಸರವೂ ಇಲ್ಲ. ಮಾರಕ ವಿಷವಿರುವ ವತ್ಸನಾಭಿಯ ಬೇರೂ ಅದೇ ಹಿಮಾಲಯದ್ದು. ಚಾರಣಕ್ಕೆ ಹೋದಾಗ ಹೂ ಕಂಡರೆ ಕೀಳದೆ ಮೇಲಿನಿಂದೊಂದು, ಪಕ್ಕದಿಂದೊಂದು, ಎಲೆಯದೊಂದು, ಕಾಯಿಯದೊಂದು ಫೋಟೋ ತೆಗೆದು, ಎತ್ತರ ಎಷ್ಟೆಂದು ಬರೆದಿಟ್ಟುಕೊಳ್ಳಿ.