ನೆರೆ ಪರಿಹಾರ: ಹೊರಡುವವರ ಚೀಲದಲ್ಲಿ ಏನಿರಬೇಕು?

ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಿಗೆ ನೆರೆ ಬರುವುದು ಹೆಚ್ಚಾಗಿ ಮೇಲ್ನಾಡಿನ ಮಳೆಯಿಂದ. ಕೊಡಗಿನಲ್ಲಿ ಮಳೆ ಬಿರುಸಾದರೆ ಹುಣಸೂರಿನಲ್ಲಿ ಲಕ್ಷ್ಮಣತೀರ್ಥ, ಪಿರಿಯಾಪಟ್ಟಣ ಹಾಗೂ ಕೆ.ಆರ್.ನಗರದ ಕಡೆ ಕಾವೇರಿ ಉಕ್ಕುತ್ತವೆ. ವಯನಾಡಿನ ಮಳೆ ಎಚ್.ಡಿ.ಕೋಟೆಯ ಕಬಿನಿಯನ್ನು ತುಂಬಿಸುತ್ತದೆ. 2019ರ ಆಗಸ್ಟ್‌ನಲ್ಲಿ ಈ ಮೂರೂ ನದಿಗಳಲ್ಲಿ ಪ್ರವಾಹ ಬಂದಿತ್ತು.

ಇಂತಹ ವೇಳೆ ಪರಿಹಾರ ಕಾರ್ಯಕ್ಕೆ ಹೊರಡುವವರು ಕನಿಷ್ಠ 72 ಗಂಟೆ ಅನ್ನ, ನೀರಿಗಾಗಿ ಗಂಜಿ ಕೇಂದ್ರವನ್ನು ಅವಲಂಬಿಸಬಾರದು ಎಂಬುದು ಮೊದಲ ನಿಯಮ.

ಮೊದಲ ದಿನಕ್ಕೆ 3 ಲೀಟರ್ ನೀರು, ಮುಂದಿನ ದಿನಗಳಿಗೆ ಕ್ಲೋರಿನ್ ಮಾತ್ರೆ, ಒ.ಆರ್.ಎಸ್. ಪೊಟ್ಟಣ, ಬೇಯಿಸದೆ ತಿನ್ನಬಹುದಾದ ಅವಲಕ್ಕಿ, ಹುರಿಗಡಲೆ, ಬೆಲ್ಲ ಇರಲಿ. ಒಣ ಬಟ್ಟೆ, ಟಾರ್ಚ್, ಬ್ಯಾಟರಿ, ಗುರುತಿನ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಕು. ನೀರಿನ ಬಳಿ ಲೈಫ್ ಜಾಕೆಟ್ ಮೈಮೇಲಿರಬೇಕು. ಸೀಟಿಯನ್ನು ಅದಕ್ಕೇ ಕಟ್ಟಿರಬೇಕು. ಗಮ್ ಬೂಟು ಕೆಸರಿಗೆ ಸರಿ. ಹರಿಯುವ ನೀರಿನಲ್ಲಿ ಅದರೊಳಗೆ ನೀರು ತುಂಬಿ ಕಾಲು ಭಾರವಾಗುವುದರಿಂದ ಅಲ್ಲಿ ಲೇಸ್ ಕಟ್ಟುವ ಬೂಟೇ ಮೇಲು.

ನೆರೆನೀರಿನಿಂದ ಇಲಿಜ್ವರ ತಗಲುವ ಅಪಾಯವಿದೆ. ಗಾಯವಿದ್ದವರು ನೀರಿಗಿಳಿಯಬಾರದು, ಮುನ್ನೆಚ್ಚರಿಕೆಯ ಡಾಕ್ಸಿಸೈಕ್ಲಿನ್ ಮಾತ್ರೆಯ ಬಗ್ಗೆ ಹೊರಡುವ ಮುನ್ನವೇ ವೈದ್ಯರನ್ನು ಕೇಳಬೇಕು.

ಜಿಲ್ಲಾ ನಿಯಂತ್ರಣ ಕೊಠಡಿಗೆ (1077) ತಿಳಿಸಿಯೇ ಹೊರಡುವುದು ಕ್ಷೇಮ. ಯಾರು ಎಲ್ಲಿದ್ದಾರೆಂಬುದು ಗೊತ್ತಿಲ್ಲದಿದ್ದರೆ ಕೊನೆಗೆ ರಕ್ಷಿಸಲು ಹೋದವರನ್ನೇ ಹುಡುಕಬೇಕಾಗುತ್ತದೆ.