ಒಂದೇ ಹೆಸರಿನ ಹಲವು ಕಾರುಗಳು

ಮಾರುತಿ 800 ಮೂವತ್ತು ವರ್ಷ ಒಂದೇ ಹೆಸರಿನಲ್ಲಿ ಮಾರಾಟವಾಯಿತು. ಚರಿತ್ರೆ ಹುಡುಕುವವರಿಗೆ ತೊಡಕಾಗುವುದು ಇದೇ. ಯಾದಗಿರಿ, ಶಹಾಪುರ, ಸುರಪುರದ ಮನೆಗಳ ಟ್ರಂಕಿನಲ್ಲಿ ಉಳಿದಿರುವ ಹಳೆಯ ಆರ್‌ಸಿ ಪುಸ್ತಕಗಳನ್ನು ಬಿಡಿಸಿದರೆ ಮಾಡೆಲ್ ಎಂಬ ಸಾಲಿನಲ್ಲಿ ಎಲ್ಲ ಕಡೆಯೂ 'ಮಾರುತಿ 800' ಎಂದೇ ಇರುತ್ತದೆ. ಈ ಸೀಮೆಯಲ್ಲಿ ಓಡಿದ್ದು ಯಾವ ತಲೆಮಾರಿನ ಕಾರು ಎಂದು ತಿಳಿಯಬೇಕಾದರೆ ಬೇರೆ ಸಾಲುಗಳನ್ನು ಓದಬೇಕು.

ಮೂಲಕ್ಕೆ ಹೋದರೆ ಸಿಗುವುದು ಜಪಾನಿನ ಸುಜುಕಿ ಆಲ್ಟೊ. ಮಿಚಿಯೊ ಸುಜುಕಿ 1909ರಲ್ಲಿ ಹಮಾಮತ್ಸು ಊರಿನಲ್ಲಿ ಮಗ್ಗ ತಯಾರಿಸುವುದಕ್ಕೆಂದು ಶುರುಮಾಡಿದ ಕಾರ್ಖಾನೆ ಮುಂದೆ ಮೋಟಾರು ವಾಹನಗಳಿಗೆ ತಿರುಗಿತು. (ಹತ್ತಿ ಬೆಳೆಯುವ ಶಹಾಪುರ, ಸುರಪುರದ ಎರೆ ನೆಲದಲ್ಲಿ ಕೂತು ಇದನ್ನು ಓದುವಾಗ ಒಂದು ಸಲುಗೆ ಹುಟ್ಟುತ್ತದೆ.) 1978ರಲ್ಲಿ ಅಧ್ಯಕ್ಷರಾದ ಒಸಾಮು ಸುಜುಕಿ ಮರುವರ್ಷವೇ, 1979ರ ಮೇ ತಿಂಗಳಲ್ಲಿ, ಆಲ್ಟೊ ಬಿಡುಗಡೆ ಮಾಡಿದರು. ಆಗ ಜಪಾನಿನಲ್ಲಿ ಪ್ರಯಾಣಿಕರ ಕಾರಿಗೆ ತೆರಿಗೆ ಇತ್ತು, ಸರಕು ಒಯ್ಯುವ ಸಣ್ಣ ವಾಹನಕ್ಕೆ ಇರಲಿಲ್ಲ. ಆಲ್ಟೊವನ್ನು ಸರಕು ವಾಹನವೆಂದು ನೋಂದಾಯಿಸಿ 4,70,000 ಯೆನ್‌ಗೆ ಮಾರಿದರು. ಅಂದರೆ ಈ ವಂಶ ಹುಟ್ಟಿದ್ದೇ ನೋಂದಣಿ ಪುಸ್ತಕದ ಒಂದು ಕಾಲಮ್ಮಿನ ಬಲದಿಂದ. ಅದರ ಚರಿತ್ರೆಯನ್ನು ಆರ್‌ಸಿಯಲ್ಲೇ ಹುಡುಕಬೇಕು ಎಂದು ನನಗೆ ಅನಿಸಲು ಇದೂ ಒಂದು ಕಾರಣ.

ಆ ಮೊದಲ ತಲೆಮಾರಿನ ಕಾರು 796 ಸಿಸಿ, ಮೂರು ಸಿಲಿಂಡರ್ ಎಂಜಿನ್ ಹೊತ್ತು ಎಸ್‌ಎಸ್‌80 ಎಂಬ ಸಂಕೇತದಲ್ಲಿ ಭಾರತಕ್ಕೆ ಬಂತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ದೆಹಲಿಯ ಹರ್‌ಪಾಲ್ ಸಿಂಗ್ ಅವರ ಕೈಗೆ ಮೊದಲ ಕಾರಿನ ಕೀಲಿ ಕೊಟ್ಟರು. ಮರುವರ್ಷ ಜಪಾನಿನಲ್ಲಿ ಎರಡನೇ ತಲೆಮಾರು ಬಂತು. 1986ರಲ್ಲಿ ಇಲ್ಲಿಯೂ ಅದೇ ಮೈಕಟ್ಟು ಬಂತು, ಸಂಕೇತ ಎಸ್‌ಬಿ308. ಆಮೇಲೆ ಜಪಾನ್ 1988, 1994, 1998, 2004, 2009 ಎಂದು ಮೈಕಟ್ಟು ಬದಲಿಸುತ್ತಲೇ ಹೋಯಿತು. ನಾವು 1986ರದ್ದನ್ನೇ ಮೂತಿ, ದೀಪ ತಿದ್ದಿ 2014ರ ಜನವರಿ 18ರವರೆಗೆ ತಯಾರಿಸಿದೆವು.

ಆರ್‌ಸಿಯ ಮಾಡೆಲ್ ಸಾಲು ಇದನ್ನು ಹೇಳುವುದಿಲ್ಲ, ಚಾಸಿ ನಂಬರ್ ಹೇಳುತ್ತದೆ. ಶಹಾಪುರದ ಒಬ್ಬ ಹಿರಿಯ ಮೆಕ್ಯಾನಿಕ್ ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಹೆಸರು ವರ್ಗಾವಣೆಯ ಹಳೆಯ ಫಾರ್ಮುಗಳ ಪ್ರತಿಗಳಿದ್ದವು. ಫಾರ್ಮಿನ ಮೂಲೆಯಲ್ಲಿ ಚಾಸಿ ಪ್ರಿಂಟ್: ಲೋಹದ ಮೇಲೆ ಕೊರೆದ ಅಕ್ಷರಗಳ ಮೇಲೆ ತೆಳು ಕಾಗದ ಹಚ್ಚಿ, ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ ತೆಗೆದದ್ದು. ಮೇಲಿನ ಟೇಪು ಹಳದಿಯಾಗಿತ್ತು, ಆದರೆ ಸೀಸದ ಕಪ್ಪಿನ ನಡುವೆ ಬಿಳಿ ಅಕ್ಷರಗಳು ಎದ್ದು ಕಾಣುತ್ತಿದ್ದವು: 'ಎಸ್‌ಬಿ308ಐಎನ್', ಅದರ ಮುಂದೆ ಅಂಕಿಗಳು. ಎಂಜಿನ್ ನಂಬರ್ 'ಎಫ್‌8ಬಿ' ಎಂದು ಶುರುವಾಗುತ್ತಿತ್ತು. ಗುಮಾಸ್ತರು ಕೈಬರಹದಲ್ಲಿ ಬರೆದ ಕಡೆ ಎಂಟು ಮೂರಾಗಿರಬಹುದು, 'ಬಿ' ಎಂಟಾಗಿರಬಹುದು. ಪೆನ್ಸಿಲ್ ಪ್ರಿಂಟ್ ಲೋಹದಿಂದಲೇ ಎದ್ದದ್ದು. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ನಂಬುವ ದಾಖಲೆ ಅದು. ಮುಂದೆ ಬಂದ ಕಾರುಗಳಲ್ಲಿ ಚಾಸಿ ನಂಬರ್ 'ಎಂಎ3' ಎಂದು ಶುರುವಾಗುವ ಹದಿನೇಳು ಅಕ್ಷರದ್ದು, ತಲೆಮಾರು ಅಷ್ಟು ಸಲೀಸಾಗಿ ಬಾಯಿ ಬಿಡುವುದಿಲ್ಲ.

ಮೆಕ್ಯಾನಿಕ್ ನಂಬರ್ ನೋಡುವುದೇ ಇಲ್ಲ. "ಚೋಕ್ ಎಳದ್ರನ ಚಾಲೂ ಆಗ್ತದಂದ್ರ ಹಳೇದು ರೀ, ಕಾರ್ಬೊರೇಟರ್ ಗಾಡಿ. ಚೋಕ್ ಇಲ್ಲಂದ್ರ ಎಂಪಿಎಫ್‌ಐ." ಅವರ ಈ ವಿಂಗಡಣೆ ಸರಿಯಾಗಿ ಸರ್ಕಾರದ ಕಾಗದಕ್ಕೆ ಹೊಂದುತ್ತದೆ. ಹೊಗೆ ನಿಯಮ ಬಿಗಿಯಾದಾಗ, 2000ದ ಹೊತ್ತಿಗೆ, ಕಾರ್ಬೊರೇಟರ್ ಹೋಗಿ ಇಂಧನ ಚಿಮ್ಮಿಸುವ ಈ ಎಂಪಿಎಫ್‌ಐ ವ್ಯವಸ್ಥೆ ಬಂತು.

ಇನ್ನೊಂದು ಸುಳಿವು ತಯಾರಕರ ಹೆಸರು. ಹಳೆಯ ಪುಸ್ತಕಗಳಲ್ಲಿ 'ಮಾರುತಿ ಉದ್ಯೋಗ್ ಲಿಮಿಟೆಡ್' ಎಂದಿದೆ. 2007ರ ಸೆಪ್ಟೆಂಬರ್‌ನಲ್ಲಿ ಕಂಪನಿ 'ಮಾರುತಿ ಸುಜುಕಿ ಇಂಡಿಯಾ' ಆಯಿತು. ಕಂಪ್ಯೂಟರಿಗೆ ಏರಿಸಿದ ದಾಖಲೆಗಳಲ್ಲಿ ಹಳೆಯ ಕಾರಿಗೂ ಹೊಸ ಹೆಸರೇ ಅಂಟಿಕೊಂಡಿರುವುದನ್ನು ಕಂಡಿದ್ದೇನೆ. ಹೀಗಾಗಿ ಪುಸ್ತಕದ ಪ್ರತಿ ಕೈಯಲ್ಲಿಲ್ಲದೆ ಪರದೆಯನ್ನಷ್ಟೇ ನೋಡಿ ಕಾಲ ನಿರ್ಣಯಿಸುವುದು ಅಪಾಯ.

ಹುಡುಕಾಟದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಒಂದು ಸ್ಮಾರ್ಟ್ ಕಾರ್ಡ್. ಕೆಎ 33, ಅಂದರೆ ಯಾದಗಿರಿ. ತಯಾರಿಕೆ 2011. ಮಾಡೆಲ್: ಮಾರುತಿ 800 ಎಸಿ, ಬಿಎಸ್ 3. ಬೆಂಗಳೂರಿನಲ್ಲಿ ಕಾರು ಕಂಡವರಿಗೆ ಇದು ತಪ್ಪು ನಮೂದು ಅನಿಸುತ್ತದೆ, ಏಕೆಂದರೆ ಅಲ್ಲಿ ಆ ಹೊತ್ತಿಗೆ ಹೊಸ 800 ಸಿಗುತ್ತಲೇ ಇರಲಿಲ್ಲ. ನಮೂದು ಸರಿಯೇ ಇದೆ. 2010ರ ಏಪ್ರಿಲ್‌ನಲ್ಲಿ ಹದಿಮೂರು ನಗರಗಳಿಗೆ ಬಿಎಸ್ 4 ಹೊಗೆ ನಿಯಮ ಕಡ್ಡಾಯವಾಯಿತು, ಉಳಿದ ದೇಶಕ್ಕೆ ಬಿಎಸ್ 3 ಸಾಕಿತ್ತು. 800ರ ಎಂಜಿನನ್ನು ಬಿಎಸ್ 4ಕ್ಕೆ ಏರಿಸದೆ ಕಂಪನಿ ಆ ನಗರಗಳಲ್ಲಿ ಅದರ ಮಾರಾಟ ನಿಲ್ಲಿಸಿತು. ಹದಿಮೂರರ ಪಟ್ಟಿಯಲ್ಲಿ ಬೆಂಗಳೂರು, ಹೈದರಾಬಾದ್, ಸೊಲ್ಲಾಪುರ ಮೂರೂ ಇದ್ದವು. ಯಾದಗಿರಿಯವರು ಆಸ್ಪತ್ರೆಗೆ, ಸಂತೆಗೆ, ನೌಕರಿಗೆ ಹೋಗುವ ದೊಡ್ಡ ಊರುಗಳೇ ಇವು. ಅಲ್ಲಿ ಹೊಸದಾಗಿ ನೋಂದಣಿ ಆಗದ ಕಾರು ಇಲ್ಲಿ ಮತ್ತೆ ನಾಲ್ಕು ವರ್ಷ ಷೋರೂಮಿನಿಂದ ಹೊಚ್ಚ ಹೊಸದಾಗಿ ಬರಬಹುದಿತ್ತು.

ಆ ನಾಲ್ಕು ವರ್ಷ ಈ ನೆಲಕ್ಕೆ ಸಾಮಾನ್ಯವಾದದ್ದಲ್ಲ. 2009–10ರಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾಯಿತು. ಕಚೇರಿಗಳು ಬಂದವು, ನೌಕರರು ಬಂದರು. ನಾರಾಯಣಪುರದ ಬಸವಸಾಗರದ ಎಡದಂಡೆ ಕಾಲುವೆಯ ನೀರು ಅದಾಗಲೇ ಸುರಪುರ, ಶಹಾಪುರದ ಹೊಲಗಳಲ್ಲಿ ಭತ್ತ ಬೆಳೆಸಿತ್ತು. ಎರಡು ಲಕ್ಷ ಚಿಲ್ಲರೆಗೆ ಸಿಗುವ ಹೊಸ ಕಾರು ಒಂದು ಮನೆಯ ಮೊದಲ ಕಾರಾಗಲು ಬೇಕಾದದ್ದೆಲ್ಲ ಆಗ ಇಲ್ಲಿ ಕೂಡಿಬಂದಿತ್ತು. ಕಾರಿನ ಚರಿತ್ರೆ ಬರೆಯುವವರು 2010ಕ್ಕೇ 800ರ ಕಥೆ ಮುಗಿಸುತ್ತಾರೆ. ಅದು ಮಹಾನಗರದ ಕಥೆ. ಕೆಎ 33ರ ಕಾರ್ಡು ಹಿಡಿದು ಬರೆದರೆ ಕೊನೆಯ ಅಧ್ಯಾಯ ಹಳೆ ಕಾರಿನ ಉಳಿಕೆಯಾಗಿ ಕಾಣದೆ ಹೊಸ ಜಿಲ್ಲೆಯ ಹೊಸ ಕಾರಾಗಿ ಕಾಣುತ್ತದೆ. ನನಗೆ ಈ ಓದೇ ಹೆಚ್ಚು ನಿಜ.

ಹೆಸರಿನ ಗೊಂದಲ ಆಲ್ಟೊದಲ್ಲಿ ತಿರುಗುಮುರುಗು. ಜಪಾನಿನ ಐದನೇ ತಲೆಮಾರು 2000ದಲ್ಲಿ ಆಲ್ಟೊ ಎಂಬ ಸ್ವಂತ ಹೆಸರಿನಲ್ಲೇ ಇಲ್ಲಿಗೆ ಬಂತು. 1993ರ ಮಾರುತಿ ಜೆನ್ ಯುರೋಪಿಗೆ ರಫ್ತಾಗುವಾಗ ಆಲ್ಟೊ ಎನಿಸಿಕೊಂಡಿತ್ತು. 2012ರಲ್ಲಿ ಬಂದ 'ಆಲ್ಟೊ 800' ಎರಡೂ ಹೆಸರನ್ನು ಒಟ್ಟಿಗೆ ಹೊತ್ತಿತು; ಅವಸರದಲ್ಲಿ ಬರೆದ ವಿಮೆ ಕಾಗದದಲ್ಲಿ ಅದು ಬರೀ '800' ಆಗಿರುವುದುಂಟು. ಅಲ್ಲಿ ತಯಾರಿಕೆಯ ವರ್ಷ ನೋಡದೆ ಮುಂದೆ ಹೋಗಬಾರದು.

ಈಗ ಈ ದಾಖಲೆಗಳಿಗೇ ಗಂಡಾಂತರ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು, 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಆಯಿತು. ಗುಜರಿಗೆ ಹೋಗುವ ಕಾರಿನ ಜೊತೆ ಆರ್‌ಸಿಯನ್ನೂ ಒಪ್ಪಿಸಬೇಕಾಗುತ್ತದೆ. ಯಾದಗಿರಿಯ ಆ 2011ರ ಕಾರಿನ ಹದಿನೈದು ವರ್ಷ 2026ಕ್ಕೆ ತುಂಬುತ್ತದೆ. ಅದಕ್ಕೇ ಕಾರು ಕೊಡುವವರನ್ನು ಕಂಡಾಗಲೆಲ್ಲ ಕೇಳಿಕೊಳ್ಳುತ್ತಿದ್ದೇನೆ: ಪುಸ್ತಕದ ಎಲ್ಲ ಪುಟಗಳ ಫೋಟೊ ತೆಗೆದಿಡಿ, ಸಾಧ್ಯವಾದರೆ ಬಾನೆಟ್ ಎತ್ತಿ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಕೂಡ.